ಮೋಟಾರ್ ಕುಲುಕಿದರೆ ಮೊದಲು ಎಣಿಸಿ

ಪಾರ್ಕಿಂಗ್‌ನಲ್ಲಿ ಎಲೆಕ್ಟ್ರಿಕ್ ಕಾರನ್ನು ಇಂಚಿಂಚಾಗಿ ಸರಿಸುವಾಗ ಸಣ್ಣ ಕುಲುಕಾಟ, ವೇಗ ಹಿಡಿದರೆ ಮಾಯ. ಹಾಗಂತ ಮೋಟಾರ್ ಸರಿಹೋಯಿತು ಅಂತಲ್ಲ. ಮೋಟಾರಿನ ತಿರುಗುವ ಭಾಗವಾದ ರೋಟರ್ ಒಂದು ಸುತ್ತು ಹಾಕುವಾಗ 24 ಸಲ ಟಾರ್ಕ್, ಅಂದರೆ ತಿರುಗಿಸುವ ಬಲ, ಏರಿಳಿಯುತ್ತದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 60 ಸುತ್ತಿನಲ್ಲಿ ಅದು ಸೆಕೆಂಡಿಗೆ 24 ಕುಲುಕು, ಮೈಗೆ ತಟ್ಟುತ್ತದೆ. 6000 ಸುತ್ತಿನಲ್ಲಿ 2400. ರೋಟರಿನ ಜಡತ್ವವೇ ಅದನ್ನು ನುಂಗುತ್ತದೆ, ಉಳಿದರೆ ಕಿವಿಗೊಂದು ಸಿಳ್ಳೆ.

ಇದಕ್ಕೆ ಮದ್ದೆಂದು ಬಂದದ್ದು ಮುನ್ಸೂಚಕ ನಿಯಂತ್ರಣ. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬೇಕಾದಂತೆ ಬದಲಿಸುವ ಇನ್ವರ್ಟರಿನಲ್ಲಿ ಮೂರು ಜೋಡಿ ಸ್ವಿಚ್; ಒಟ್ಟು 8 ಸ್ಥಿತಿ. ಕಂಟ್ರೋಲರ್ ಪ್ರತಿ 50 ಮೈಕ್ರೋಸೆಕೆಂಡಿಗೊಮ್ಮೆ ಕರೆಂಟ್, ರೋಟರಿನ ಕೋನ ಓದಿ, ಯಾವ ಸ್ಥಿತಿ ಹಾಕಿದರೆ ಕರೆಂಟ್ ಎಲ್ಲಿಗೆ ಹೋದೀತು ಎಂದು ಲೆಕ್ಕ ಹಾಕುತ್ತದೆ. ಗುರಿಗೆ ಹತ್ತಿರದ್ದನ್ನು ಆರಿಸುತ್ತದೆ. ಲೆಕ್ಕ ಮುಗಿಯುವಷ್ಟರಲ್ಲಿ ಒಂದು ಅವಧಿ ಕಳೆದೇಹೋಗಿರುವುದರಿಂದ ಎರಡು ಅವಧಿ ಮುಂದಿನದನ್ನು ಊಹಿಸಬೇಕು. ಇದನ್ನು ಮರೆತ ಕೋಡ್ ಕುಲುಕನ್ನು ಹೆಚ್ಚಿಸುತ್ತದೆ. ಅವಧಿಯುದ್ದಕ್ಕೂ ಒಂದೇ ಸ್ಥಿತಿ ಹಿಡಿದರೂ ಕರೆಂಟ್ ಗುರಿ ದಾಟುತ್ತದೆ. ಕೊನೆಯ ಭಾಗಕ್ಕೆ ಸೊನ್ನೆ ವೋಲ್ಟೇಜ್ ಕೊಟ್ಟರೆ ತಗ್ಗುತ್ತದೆ.

ಆದರೆ ಕಂಟ್ರೋಲರ್ ಊಹೆಗೆ ಬಳಸುವ ಲೆಕ್ಕದ ಮಾದರಿಗೆ ಗೊತ್ತಿಲ್ಲದ ದೋಷ ಅದರ ಕೈಗೆ ಸಿಗದು. ಅದಕ್ಕೇ ಒಂದು ಸುತ್ತಿನಲ್ಲಿ ಎಷ್ಟು ಕುಲುಕು ಎಂಬ ಎಣಿಕೆ. 8 ಆಯಸ್ಕಾಂತ ಧ್ರುವ, 48 ಸ್ಲಾಟಿನ (ಸುರುಳಿ ಕೂರುವ ಗಾಡಿ) ಮೋಟಾರ್ ತೆಗೆದುಕೊಳ್ಳಿ. ಸುತ್ತಿಗೆ 4 ಕುಲುಕಾದರೆ ಕರೆಂಟ್ ಸೆನ್ಸರಿನ ಸೊನ್ನೆ ಜಾರಿದೆ. ಸ್ವಿಚ್ ಆನ್ ಮಾಡುವ ಮುಂಚೆ ಸಾವಿರ ರೀಡಿಂಗಿನ ಸರಾಸರಿ ತೆಗೆದು ಕಳೆಯಿರಿ. 8 ಆದರೆ ಸೆನ್ಸರುಗಳ ಅಳತೆ ಒಂದಕ್ಕೊಂದು ತಾಳೆಯಾಗುತ್ತಿಲ್ಲ.

24 ಆದರೆ ಆಯಸ್ಕಾಂತದ ಕ್ಷೇತ್ರ ಶುದ್ಧ ಸೈನ್ ಅಲೆಯಲ್ಲ, ಇಲ್ಲವೇ ಡೆಡ್ ಟೈಮ್. ಜೋಡಿಯ ಎರಡೂ ಸ್ವಿಚ್ ಒಟ್ಟಿಗೆ ಆನ್ ಆದರೆ ಬ್ಯಾಟರಿ ಶಾರ್ಟ್. ಆದ್ದರಿಂದ ನಡುವೆ 2 ಮೈಕ್ರೋಸೆಕೆಂಡ್ ಎರಡೂ ಆಫ್; ಇದೇ ಡೆಡ್ ಟೈಮ್. 350 ವೋಲ್ಟಿನ ಬ್ಯಾಟರಿ, ಸೆಕೆಂಡಿಗೆ 10,000 ಸ್ವಿಚಿಂಗ್ ಎಂದರೆ 7 ವೋಲ್ಟ್ ಖೋತಾ. ತೆವಳುವ ಮೋಟಾರಿಗೆ ಬೇಕಾದದ್ದೇ ಕೆಲವು ವೋಲ್ಟ್! ಕರೆಂಟಿನ ದಿಕ್ಕು ಬದಲಾದಂತೆ ಈ ಖೋತಾದ ದಿಕ್ಕೂ ಬದಲಾಗುತ್ತದೆ: ಮೂರು ಫೇಸ್ (ಸುರುಳಿಯ ಗುಂಪು), ವಿದ್ಯುತ್ ಆವರ್ತಕ್ಕೆ ಎರಡೆರಡು ಸಲ, 8 ಧ್ರುವ ಎಂದರೆ ಸುತ್ತಿಗೆ ನಾಲ್ಕು ಆವರ್ತ; ಒಟ್ಟು 24. ಮುಂದಿನ ಕರೆಂಟಿನ ದಿಕ್ಕು ಮಾದರಿಗೆ ಮೊದಲೇ ಗೊತ್ತಿರುವುದರಿಂದ ತಿದ್ದುವುದು ಸುಲಭ. ಈ ವಿಧಾನದ ನಿಜವಾದ ಲಾಭ ಇಲ್ಲಿದೆ.

48 ಆದರೆ ಆಯಸ್ಕಾಂತಕ್ಕೂ ಸ್ಲಾಟುಗಳ ನಡುವಿನ ಕಬ್ಬಿಣಕ್ಕೂ ಇರುವ ಸೆಳೆತವನ್ನೇ ಮೊದಲು ಅನುಮಾನಿಸಿ. ಕರೆಂಟ್ ಇಲ್ಲದೆ ಕೈಯಲ್ಲಿ ತಿರುಗಿಸಿದರೂ ಶಾಫ್ಟ್ ತಡೆತಡೆದು ಸಾಗುತ್ತದೆ. ಕೋನಕ್ಕೆ ತಕ್ಕ ತಿದ್ದುಪಡಿ ಕರೆಂಟಿನ ಪಟ್ಟಿ ಮಾಡಿ ಗುರಿಗೆ ಸೇರಿಸಬೇಕು.

ಇಷ್ಟಾದರೂ ಬಿಸಿ ಬಿಡದು, ಮಾದರಿಯ ಲೆಕ್ಕ ತಪ್ಪಿಸುತ್ತದೆ. 100 ಡಿಗ್ರಿ ಏರಿದರೆ ತಾಮ್ರದ ರೋಧ ಸುಮಾರು ಶೇ. 39 ಹೆಚ್ಚುತ್ತದೆ, ನಿಯೋಡಿಮಿಯಂ ಆಯಸ್ಕಾಂತ ಶೇ. 11–12 ಸೊರಗುತ್ತದೆ. ಸುರುಳಿಗೆ ತಾಪಮಾಪಕ ಕಟ್ಟಬಹುದು. ಆಯಸ್ಕಾಂತವಿರುವುದು ತಿರುಗುವ ರೋಟರಿನಲ್ಲಿ, ಅಲ್ಲಿಗೆ ತಂತಿ ಎಳೆಯುವುದು ಕಷ್ಟ. ಮೋಟಾರೇ ಹುಟ್ಟಿಸುವ ಹಿಮ್ಮುಖ ವೋಲ್ಟೇಜ್ ಎಷ್ಟು ಇಳಿದಿದೆ ಎಂದು ನೋಡಿ ಅದರ ಬಿಸಿಯನ್ನು ಅಂದಾಜಿಸುತ್ತಾರೆ.