ನಂದಿ ಬೆಟ್ಟದಲ್ಲಿ ಕಿವಿ ಕಟ್ಟಿದರೆ ಆಕ್ಸಿಜನ್ ಕಾರಣವಲ್ಲ

ನಂದಿ ಬೆಟ್ಟದ ತಿರುವುಗಳನ್ನು ಗಾಡಿ ಹತ್ತುವಾಗ ಕಿವಿ ಗುಂಯ್ ಅಂತ ಕಟ್ಟಿಕೊಳ್ಳುತ್ತದೆ. "ಮೇಲೆ ಆಕ್ಸಿಜನ್ ಕಮ್ಮಿ, ಅದಕ್ಕೇ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಇನ್ನೊಬ್ಬರು ಕರ್ಪೂರ ಮೂಸಲು ಕೊಡುತ್ತಾರೆ. ಇದು ತಪ್ಪು ತಿಳಿವಳಿಕೆ. ನಂದಿಯ ಎತ್ತರ 1,478 ಮೀಟರ್. ಆರೋಗ್ಯವಾಗಿರುವವರ ರಕ್ತಕ್ಕೆ ಅಲ್ಲಿ ಆಕ್ಸಿಜನ್ ಸಾಕಷ್ಟು ಸಿಗುತ್ತದೆ. ಅನುಮಾನವಿದ್ದರೆ ಕೋಲಾರದ ಚಿನ್ನದ ಗಣಿ ನೆನಪು ಮಾಡಿಕೊಳ್ಳಿ. ಈಗ ಮುಚ್ಚಿರುವ ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಜಾಸ್ತಿ. ಕೆಳಗಿಳಿದಷ್ಟೂ ಗಾಳಿ ದಟ್ಟವಾಗುತ್ತದೆ. ಹಾಗೆ ಇಳಿಯುವಾಗಲೂ ಕಿವಿ ಕಟ್ಟುತ್ತಿತ್ತು! ಎರಡೂ ಕಡೆ ತೊಂದರೆ ಒಂದೇ: ಕಿವಿತಮಟೆಯ ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ತಾಳೆಯಾಗುವುದಿಲ್ಲ. ಉಗುಳು ನುಂಗಿದರೆ ಸರಿಹೋಗುತ್ತದೆ.

ಆಕ್ಸಿಜನ್ ಇಲ್ಲದೆ ಒದ್ದಾಡುವುದು ತಮಟೆಗಿಂತ ಒಳಗಿರುವ ಭಾಗ, ಅಂದರೆ ಒಳಗಿವಿಯಲ್ಲಿ ಮೂಳೆಯೊಳಗೆ ಸುರುಳಿ ಸುತ್ತಿಕೊಂಡಿರುವ ಕಾಕ್ಲಿಯಾ. ಅದರಲ್ಲಿ ಪೊಟ್ಯಾಶಿಯಂ ತುಂಬಿದ ದ್ರವವಿದೆ. ಆ ದ್ರವದಲ್ಲಿ ಸದಾ ಸುಮಾರು 80 ಮಿಲಿವೋಲ್ಟ್ ವಿದ್ಯುತ್ ಇರುತ್ತದೆ. 1950ರ ದಶಕದ ಆರಂಭದಲ್ಲಿ ಇದನ್ನು ಅಳೆದು ತೋರಿಸಿದವರು ಹಂಗೆರಿಯಲ್ಲಿ ಹುಟ್ಟಿದ ಜಾರ್ಜ್ ಫಾನ್ ಬೇಕೆಶಿ. ಅವರು ಡಾಕ್ಟರಲ್ಲ, ಹಿಂದೆ ಟೆಲಿಫೋನ್ ಪ್ರಯೋಗಾಲಯದಲ್ಲಿದ್ದ ಭೌತವಿಜ್ಞಾನಿ. 1961ರಲ್ಲಿ ಅವರಿಗೆ ವೈದ್ಯಕೀಯ ನೊಬೆಲ್ ಬಂತು.

ಶಬ್ದ ಬಂದಾಗ ಕಾಕ್ಲಿಯಾದೊಳಗೆ ಶಬ್ದವನ್ನು ಗ್ರಹಿಸುವ ರೋಮಕೋಶಗಳ ತುದಿಯ ಎಳೆಗಳು ಬಾಗುತ್ತವೆ, ಪೊಟ್ಯಾಶಿಯಂ ಒಳಕ್ಕೆ ನುಗ್ಗುತ್ತದೆ. ಆ ನುಗ್ಗುವಿಕೆಗೆ ಜೋರು ಕೊಡುವುದು ಈ 80 ಮಿಲಿವೋಲ್ಟ್. ಪಕ್ಕದ ಗೋಡೆಯಲ್ಲಿ ರಕ್ತನಾಳಗಳು ಒತ್ತೊತ್ತಾಗಿರುವ ಒಂದು ಪಟ್ಟಿ ಇದೆ. ಪೊಟ್ಯಾಶಿಯಂ ಅನ್ನು ಮತ್ತೆ ದ್ರವಕ್ಕೆ ತುಂಬುವುದು ಅದರ ಕೆಲಸ, ನಾವು ಮಲಗಿದ್ದಾಗಲೂ. ಅದಕ್ಕೆ ಆಕ್ಸಿಜನ್ ಬೇಕೇ ಬೇಕು. ಕೋಲಾರದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರೆಂಟ್ ಹೋದರೆ ಬೋರ್‌ವೆಲ್ ಮೋಟಾರ್ ನಿಲ್ಲುತ್ತದೆ, ಪೈಪು ಎಷ್ಟೇ ಚೆನ್ನಾಗಿರಲಿ, ಡ್ರಿಪ್‌ನಲ್ಲಿ ಹನಿ ಬೀಳುವುದಿಲ್ಲ ಅಲ್ವಾ? ಆಕ್ಸಿಜನ್ ನಿಂತರೆ ಒಂದೆರಡು ನಿಮಿಷದಲ್ಲೇ ಆ ವೋಲ್ಟೇಜ್ ಕುಸಿಯುತ್ತದೆ. ಒಳಗಿವಿಗೆ ರಕ್ತ ತರುವುದು ಒಂದೇ ಸಣ್ಣ ನಾಳ, ಬದಲಿ ದಾರಿ ಇಲ್ಲ. ತುಂಬಾ ಹೊತ್ತಾದರೆ ರೋಮಕೋಶಗಳು ಸಾಯುತ್ತವೆ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ.

ನನ್ನ ಚಿಂತೆ ಹುಟ್ಟಿದ ತಕ್ಷಣ ಅಳದ ಮಕ್ಕಳದು. ಉಸಿರಿಲ್ಲದ ಆ ಹೊತ್ತಿನಲ್ಲಿ ಒಳಗಿವಿಗೂ ನರಕ್ಕೂ ಪೆಟ್ಟು ಬಿದ್ದಿರಬಹುದು. ಮನೆಯಲ್ಲಿ ಮಾತ್ರ "ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಎಂಬ ಸಮಾಧಾನ, ಜೊತೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಎಣ್ಣೆ ತಮಟೆಯ ಹತ್ತಿರವೇ ನಿಲ್ಲುತ್ತದೆ, ಒಳಗಿವಿ ಮುಟ್ಟುವುದೇ ಇಲ್ಲ. ತಟ್ಟೆ ಬಿದ್ದ ಸದ್ದಿಗೆ ಮಗು ಬೆಚ್ಚಿತು ಅಂತ ಸುಮ್ನೆ ಬಿಡಬೇಡಿ. ಇಂಥ ಮಕ್ಕಳಿಗೆ ಕಾಕ್ಲಿಯಾ ಹೊಮ್ಮಿಸುವ ಸಣ್ಣ ಸದ್ದನ್ನು ಅಳೆಯುವ ಒಎಇ ಪರೀಕ್ಷೆಯೊಂದೇ ಸಾಲದು, ನರದ ತೊಂದರೆ ಅದರಲ್ಲಿ ತಪ್ಪಿಹೋಗಬಹುದು. ಶಬ್ದಕ್ಕೆ ಕಿವಿಯ ನರ ಹೇಗೆ ಸ್ಪಂದಿಸುತ್ತದೆ ಎಂದು ನೋಡುವ ಬೆರಾ ಪರೀಕ್ಷೆ ಬೇಕು. ಮಗು ನಿದ್ದೆಯಲ್ಲಿದ್ದಾಗ ಹಣೆಗೆ, ಕಿವಿಯ ಹಿಂದೆ ವೈರು ಅಂಟಿಸಿ ಶಬ್ದ ಕೇಳಿಸುತ್ತಾರೆ, ನೋವೇನೂ ಇಲ್ಲ. 3 ತಿಂಗಳೊಳಗೆ ದೋಷ ಪತ್ತೆಯಾಗಿ 6 ತಿಂಗಳೊಳಗೆ ಆರೈಕೆ ಶುರುವಾದರೆ ಮಾತು ಕಲಿಯುವ ಕಾಲ ಕೈತಪ್ಪುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಮಗು ತಡವಾಗಿ ಅತ್ತಿತು ಎಂದು ಬರೆದಿದ್ದರೆ, ಲಸಿಕೆಗೆ ಹೋದ ದಿನವೇ ಅದನ್ನು ಡಾಕ್ಟರಿಗೆ ತೋರಿಸಿ ಬೆರಾ ಬರೆಸಿಕೊಳ್ಳಿ.