ನಕಲಿ ಐಡಿ ಹಿಡಿಯೋ ಮಾಡೆಲ್: ನಾನು ಎಡವಿದ್ದು ಟೆಸ್ಟ್ ಡೇಟಾ ಬೇರೆ ಮಾಡೋವಾಗ

ಆನ್‌ಲೈನ್‌ನಲ್ಲಿ ಬ್ಯಾಂಕ್ ಅಕೌಂಟ್ ತೆರೆಯೋವಾಗ ಅಪ್‌ಲೋಡ್ ಮಾಡೋ ಆಧಾರ್, ಪ್ಯಾನ್ ಫೋಟೊ ಅಸಲಿಯೋ ನಕಲಿಯೋ ಅಂತ ಹೇಳೋ ಕಂಪ್ಯೂಟರ್ ಮಾಡೆಲ್ ಕಟ್ಟೋದನ್ನ ಕಲೀತಾ ಇದೀನಿ. ಸಿಎನ್ಎನ್ (ಚಿತ್ರ ನೋಡಿ ಕಲಿಯೋ ಮಾಡೆಲ್), ಅದಕ್ಕೆ ಉದಾಹರಣೆ ತೋರಿಸಿ ಕಲಿಸೋ ಟ್ರೇನಿಂಗ್, ಇವುಗಳ ವಿವರ ಇಲ್ಲಿ ಬಿಟ್ಬಿಡ್ತೀನಿ.

ಮಾಡೆಲ್ ಮುಟ್ಟೋಕೆ ಮುಂಚೆ ಕಾರ್ಡ್ ಮೇಲಿನ ನಂಬರ್ ನೋಡಿ, ನಂಗೆ ತುಂಬಾ ಇಷ್ಟವಾದ ಹೆಜ್ಜೆ ಇದು. ಆಧಾರ್‌ನ 12 ಅಂಕಿಲಿ ಕೊನೇದು ಚೆಕ್ ಡಿಜಿಟ್ (ಉಳಿದ ಅಂಕಿಗಳು ಸರಿಯಿದ್ಯಾ ಅಂತ ಪರೀಕ್ಷಿಸೋ ಅಂಕಿ), ವೆರ್ಹೂಫ್ ಅನ್ನೋ ಲೆಕ್ಕದಿಂದ ಬರತ್ತೆ, ಒಂದೇ ಒಂದು ಅಂಕಿ ತಿದ್ದಿದ್ರೂ ಅಕ್ಕಪಕ್ಕದ ಎರಡು ಅಂಕಿ ಅದಲುಬದಲು ಮಾಡಿದ್ರೂ ಸಿಕ್ಕಿಬೀಳತ್ತೆ. ಸೆಕ್ಯೂರ್ ಕ್ಯೂಆರ್‌ಲಿ ಹೆಸರು, ಫೋಟೊ ಎರಡೂ ಆಧಾರ್ ಕೊಡೋ ಸಂಸ್ಥೆ ಯುಐಡಿಎಐನ ಡಿಜಿಟಲ್ ಸಹಿ ಜೊತೆ ಇರತ್ತೆ, ಕಾರ್ಡ್ ಮೇಲಿನ ಮುಖ ಬದಲಾಯಿಸಬಹುದು, ಸಹಿ ಆದದ್ದನ್ನ ಬದಲಾಯಿಸೋಕಾಗಲ್ಲ. ಪ್ಯಾನ್‌ಲಿ ನಾಲ್ಕನೇ ಅಕ್ಷರ ವ್ಯಕ್ತಿಗಳಿಗೆ 'ಪಿ', ಐದನೇದು ಸರ್‌ನೇಮ್‌ನ ಮೊದಲ ಅಕ್ಷರ. ಆದ್ರೆ ಮದುವೆ ಆಗಿ ಸರ್‌ನೇಮ್ ಬದಲಾದ್ರೂ ನಂಬರ್ ಹಳೇದೇ ಇರತ್ತೆ, ಐದನೇ ಅಕ್ಷರ ಹೊಂದಲಿಲ್ಲ ಅಂದ ಮಾತ್ರಕ್ಕೆ ನಕಲಿ ಅಂದ್ಬಿಟ್ರೆ ಆ ಹೆಣ್ಮಗಳಿಗೆ ಅನ್ಯಾಯ.

ಈಗ ನಾನು ಎಡವಿದ್ದು. 20 ಡಮ್ಮಿ ಕಾರ್ಡ್ ಮಾಡ್ಕೊಂಡು ಒಂದೊಂದಕ್ಕೂ ಬೇರೆ ಬೇರೆ ಬೆಳಕಲ್ಲಿ 30 ಫೋಟೊ ತೆಗೆದೆ, ಒಟ್ಟು 600, ಅದರಲ್ಲಿ 10 ಕಾರ್ಡ್‌ಗಳ ಫೋಟೊದಲ್ಲಿ ಸ್ಕ್ರಿಪ್ಟ್ ಬರೆದು ಮುಖ ಬದಲಾಯಿಸಿದೆ. ಎಲ್ಲಾ ಕಲಸಿ 80% ಟ್ರೇನಿಂಗ್‌ಗೆ, 20% ಟೆಸ್ಟ್‌ಗೆ ಅಂತ ಭಾಗ ಮಾಡಿದ್ರೆ ಟೆಸ್ಟಲ್ಲಿ 98% ಸರಿ ಉತ್ತರ. ಮಾರನೇ ದಿನ ಹೊಸ ಕಾರ್ಡ್ ಕೊಟ್ರೆ ಬಾಯಿಗೆ ಬಂದಂಗೆ ಹೇಳ್ತಿತ್ತು. ಎರಡು ದಿನ ಲರ್ನಿಂಗ್ ರೇಟ್ (ಮಾಡೆಲ್ ಪ್ರತಿ ಸಲ ಎಷ್ಟು ತಿದ್ದಿಕೊಳ್ಳಬೇಕು ಅನ್ನೋ ಸೆಟ್ಟಿಂಗ್) ತಿರುಗಿಸ್ತಾ ಕೂತೆ, ತಪ್ಪು ಅಲ್ಲಿರಲೇ ಇಲ್ಲ. ಒಂದೇ ಕಾರ್ಡ್ ತಗೊಳ್ಳಿ, ಅದರ 30 ಫೋಟೊಲಿ ಸುಮಾರು 24 ಟ್ರೇನಿಂಗ್‌ಗೆ ಹೋಗತ್ತೆ, 6 ಟೆಸ್ಟ್‌ಗೆ. ಅಂದ್ರೆ ಟೆಸ್ಟಲ್ಲಿರೋ ಕಾರ್ಡನ್ನ ಮಾಡೆಲ್ ಆಗಲೇ 24 ಸಲ ನೋಡಿದೆ, ಬದಲಾಯಿಸಿದ ಮುಖದ ಅಂಚು ಹುಡುಕೋ ಕಷ್ಟ ಯಾಕೆ, 'ಎಡ ಮೂಲೇಲಿ ಗೀರು ಇರೋ ಕಾರ್ಡ್ ನಕಲಿ' ಅಂತ ಬಾಯಿಪಾಠ ಮಾಡಿದ್ರೆ ಸಾಕು. ಫೋಟೊಗಳನ್ನಲ್ಲ, ಕಾರ್ಡ್‌ಗಳನ್ನ ಭಾಗ ಮಾಡಬೇಕು: 16 ಕಾರ್ಡ್ ಇತ್ತ, 4 ಕಾರ್ಡ್ ಅತ್ತ, ಒಂದು ಕಾರ್ಡಿನ ಒಂದು ಫೋಟೊನೂ ಗೆರೆ ದಾಟಬಾರದು. ಸೈಕಿಟ್-ಲರ್ನ್ ಅನ್ನೋ ಪೈಥಾನ್ ಲೈಬ್ರರಿಯ ಗ್ರೂಪ್‌ಶಫಲ್‌ಸ್ಪ್ಲಿಟ್‌ಗೆ ಕಾರ್ಡ್ ಸಂಖ್ಯೆನ ಗ್ರೂಪ್ ಅಂತ ಕೊಟ್ರೆ ಆಯ್ತು. 98 ಹೋಗಿ 74ಕ್ಕೆ ಬಂತು.

ಆ 74ರಲ್ಲೂ ಒಂದು ಕಳ್ಳದಾರಿ ಇದೆ. ಮುಖ ಬದಲಾಯಿಸಿದ ಫೋಟೊಗಳು ಮಾತ್ರ ಎರಡನೇ ಸಲ ಜೆಪೆಗ್ ಆಗಿ ಸೇವ್ ಆಗಿದ್ವು, ಅಸಲಿಗಳು ಫೋನಿಂದ ನೇರ ಬಂದಿದ್ವು. ಅಸಲಿ ಫೋಟೊ ಒಂದನ್ನ ಸುಮ್ನೆ ತೆರೆದು ಮತ್ತೆ ಸೇವ್ ಮಾಡಿ ಕೊಟ್ಟೆ, ನಕಲಿ ಅಂತು. ಅಂದ್ರೆ ಮಾಡೆಲ್ ನೋಡ್ತಿದ್ದದ್ದು ಮುಖ ಅಲ್ಲ, ಎರಡನೇ ಸಲ ಸೇವ್ ಆದ ಗುರುತು. ಈಗ ಅಸಲಿ 300ನ್ನೂ ಅದೇ ಸ್ಕ್ರಿಪ್ಟಲ್ಲಿ ಸೇವ್ ಮಾಡಿ ಮೊದಲಿಂದ ಟ್ರೇನ್ ಮಾಡ್ತಾ ಇದೀನಿ.