ಖಾಲಿ ಸೈಟಿಗೆ ಜೆಸಿಬಿ ಬಿಡುವ ಮುನ್ನ

ಹಾವು, ಸೊಳ್ಳೆಗಳ ಭಯಕ್ಕೆ ಬೆಂಗಳೂರಿನ ಖಾಲಿ ಸೈಟುಗಳಿಗೆ ಜೆಸಿಬಿ ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ತುಂಬೆ, ಉತ್ತರಾಣಿ, ನೆಲನೆಲ್ಲಿ, ಅಣ್ಣೆಸೊಪ್ಪು ಎಲ್ಲ ನೆಲಸಮ. ಮುಂದಿನ ಮಳೆಗೆ ಅಲ್ಲಿ ಎದೆಯೆತ್ತರ ನಿಲ್ಲುವುದು ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ! ಸೊಳ್ಳೆಗಾದರೂ ಬೇಕಾದದ್ದು ನಿಂತ ನೀರು. ಯಂತ್ರ ತೋಡಿದ ಗುಂಡಿಯಲ್ಲಿ ಅದು ಧಾರಾಳ.

ಹೀಗಾಗುವುದೇಕೆ? ಮಣ್ಣಿನಲ್ಲಿ ಬೀಜಗಳು ವರ್ಷಗಟ್ಟಲೆ ಜೀವ ಹಿಡಿದು ಮಲಗಿರುತ್ತವೆ. ಅಮೆರಿಕದ ಮಿಶಿಗನ್‌ನಲ್ಲಿ ಸಸ್ಯವಿಜ್ಞಾನಿ ವಿಲಿಯಂ ಬೀಲ್ 1879ರಲ್ಲಿ 20 ಬಾಟಲಿಗಳಲ್ಲಿ ಬೀಜ ತುಂಬಿ ಹೂತಿಟ್ಟ. 2021ರಲ್ಲಿ ತೆಗೆದ ಬಾಟಲಿಯ ಕೆಲವು ಬೀಜಗಳು 142 ವರ್ಷಗಳ ನಂತರವೂ ಮೊಳೆತವು. ಇಂಥ ಸಣ್ಣ ಬೀಜಗಳಲ್ಲಿ ಹಲವಕ್ಕೆ ನೀರಷ್ಟೇ ಸಾಲದು, ಬೆಳಕೂ ಬೇಕು. ಒಳಗಿರುವ ಬುತ್ತಿ ಚಿಕ್ಕದು. ಆಳದಲ್ಲಿ ಮೊಳೆತರೆ ಮೇಲೆ ಬರುವ ಮೊದಲೇ ಖಾಲಿ.

ಬೆಳಕನ್ನು ಗುರುತಿಸುವುದು ಫೈಟೋಕ್ರೋಮ್ ಎಂಬ ವರ್ಣಕ. ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕು ಬಿದ್ದರೆ ಅದು ಮೊಳಕೆಗೆ ಅಪ್ಪಣೆ ಕೊಡುವ ರೂಪ ತಾಳುತ್ತದೆ. 730ರ ಆಸುಪಾಸಿನ ದೂರಗೆಂಪು (ಫಾರ್-ರೆಡ್) ಬಿದ್ದರೆ ಮತ್ತೆ ಹಳೆಯ ರೂಪಕ್ಕೇ ಮರಳುತ್ತದೆ. ಹಸಿರೆಲೆ ಕೆಂಪನ್ನು ಹೀರಿ ದೂರಗೆಂಪನ್ನು ಕೆಳಗೆ ಬಿಡುತ್ತದೆ. ಹಾಗಾಗಿ ದಟ್ಟ ಹೊದಿಕೆಯ ಅಡಿಯಲ್ಲಿರುವ ಬೀಜ ಸುಮ್ಮನಿರುತ್ತದೆ. ಮಣ್ಣು ಮಗುಚಿದಿರೋ, ಹೊದಿಕೆಯೂ ಹೋಯಿತು, ಆಳದ ಬೀಜವೂ ಮೇಲೆ ಬಂತು. ತಿಂಗಳೊಪ್ಪತ್ತಿನಲ್ಲಿ ಹೂಬಿಟ್ಟು, ಗಿಡವೊಂದಕ್ಕೆ ಸಾವಿರಾರು ಬೀಜ ಉದುರಿಸುವ ಪಾರ್ಥೇನಿಯಂ ಮುಂದೆ ಬೇರೆಯವು ಎಲ್ಲಿ ನಿಂತಾವು?

ಆದ್ದರಿಂದ ಅಗೆಯಬೇಡಿ, ಕತ್ತರಿಸಿ. ನೆಲದಿಂದ ನಾಲ್ಕು ಇಂಚು ಬಿಟ್ಟು, ಅದೂ ತುಂಬೆ, ಅಣ್ಣೆಸೊಪ್ಪಿನ ಬೀಜ ಉದುರಿದ ಮೇಲೆ. ಸೈಟಿನ ಅರ್ಧ ಭಾಗ ಈಗ, ಉಳಿದದ್ದು ತಿಂಗಳು ಬಿಟ್ಟು. ಬುಡಕ್ಕೇ ಸವರಿದರೆ ಪುಲ್ಲಂಪುರಚಿಯಂಥ ನೆಲಕ್ಕಂಟಿದ ಗಿಡಗಳೂ ಹೋಗುತ್ತವೆ. ಅದರ ಹುಳಿ ಎಲೆ ತಿಂದೇ ಬೆಳೆಯುವ ಉಗುರಗಲದ ನೀಲಿ ಚಿಟ್ಟೆಯ ಮರಿಹುಳುವೂ ಜೊತೆಗೇ. ಪಾರ್ಥೇನಿಯಂ ಮಾತ್ರ ಮಳೆ ಬಿದ್ದ ಮರುದಿನ, ಹೂಬಿಡುವ ಮೊದಲು, ಬೇರುಸಹಿತ ಕಿತ್ತುಬಿಡಿ. ಬುಡ ಉಳಿದರೆ ಮತ್ತೆ ಚಿಗುರುತ್ತದೆ. ಕೈಗವಸು ಕಡ್ಡಾಯ, ಹಲವರಿಗೆ ಇದರಿಂದ ಚರ್ಮದ ಅಲರ್ಜಿಯಾಗುತ್ತದೆ. ಎಲ್ಲಿಂದಲೋ ಲೋಡುಗಟ್ಟಲೆ ಮಣ್ಣು ತಂದು ಸುರಿಯುವುದಂತೂ ಬೇಡ, ಪಾರ್ಥೇನಿಯಂ ಬೀಜ ಅದರಲ್ಲೇ ಬರುತ್ತದೆ.

ಅಗೆಯದಿರಲು ಇನ್ನೊಂದು ಕಾರಣವಿದೆ. ಪಾರ್ಥೇನಿಯಂ ಎಲೆ ತಿನ್ನಲೆಂದೇ ಮೆಕ್ಸಿಕೊದಿಂದ ತರಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಪಟ್ಟೆಪಟ್ಟೆ ಜೀರುಂಡೆ ಇಂದಿಗೂ ಇಲ್ಲಿದೆ. ಮಳೆಗಾಲದಲ್ಲಿ ಎಲೆ ಜರಡಿಯಾಗಿದ್ದರೆ ಅದು ಅದರದೇ ಕೆಲಸ. ಒಣಗಾಲ ಬಂದೊಡನೆ ಅದು ಮಣ್ಣಿನೊಳಗಿಳಿದು ನಿದ್ದೆಹೋಗುತ್ತದೆ, ಜೆಸಿಬಿ ಬರುವುದೂ ಆಗಲೇ.